ತಗಡು ಪಕ್ಕಾ, ಮಣ್ಣು ಕಚ್ಚಾ!

ಕೊಪ್ಪಳ ತಾಲ್ಲೂಕಿನ ಅಳವಂಡಿ ಹೋಬಳಿಯ ಊರುಗಳಲ್ಲಿ ಬೇಸಿಗೆಯ ನಡುಹಗಲು ಸುತ್ತಾಡಿದವರಿಗೆ ಒಂದು ವಿಪರ್ಯಾಸ ಕಣ್ಣಿಗೆ ಬೀಳದೆ ಇರದು. ಸರ್ಕಾರದ ನೆರವಿನಿಂದ ಆರ್‌ಸಿಸಿ ಮನೆ ಕಟ್ಟಿಕೊಂಡವರು ಮಧ್ಯಾಹ್ನದ ಹೊತ್ತು ಆ ಮನೆಯೊಳಗೆ ಇರುವುದಿಲ್ಲ. ಪಕ್ಕದ ಹಳೆಯ ಮಣ್ಣಿನ ಮಾಳಿಗೆಯ ಪಡಸಾಲೆಯಲ್ಲೋ, ಬೇವಿನ ಮರದ ಬುಡದಲ್ಲೋ ಹೊತ್ತು ಕಳೆಯುತ್ತಾರೆ. ರಾತ್ರಿ ಹಾಸಿಗೆ ಅಂಗಳಕ್ಕೆ ಬರುತ್ತದೆ. ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯವಾಗಿರುವ ಸೀಮೆಯಲ್ಲಿ, ವಾಸಕ್ಕೆಂದು ಕೊಟ್ಟ ಮನೆ ವರ್ಷದ ಎರಡು ಮೂರು ತಿಂಗಳು ವಾಸಯೋಗ್ಯವಲ್ಲ ಎಂದಾದರೆ ನಮ್ಮ ವಸತಿ ನೀತಿಯ ಬಗ್ಗೆ ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ.

ಮೊದಲು ಭೂಗೋಳವನ್ನು ನೋಡೋಣ. ಅಳವಂಡಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ ಮತ್ತು ಮೇ ಮೊದಲ ವಾರದಲ್ಲಿ ಸೂರ್ಯ ಇಲ್ಲಿ ಸರಿಯಾಗಿ ನಡುನೆತ್ತಿಯ ಮೇಲೆ ಬರುತ್ತಾನೆ. ಆಗ ಬಿಸಿಲಿನ ಹೊಡೆತವನ್ನು ಹೆಚ್ಚಾಗಿ ತಿನ್ನುವುದು ಗೋಡೆಯಲ್ಲ, ಛಾವಣಿ. ಆದ್ದರಿಂದ ಒಂದಂತಸ್ತಿನ ಸಣ್ಣ ಮನೆಯ ತಂಪು ಬಹುಮಟ್ಟಿಗೆ ಅದರ ಛಾವಣಿಯಲ್ಲಿಯೇ ನಿರ್ಧಾರವಾಗುತ್ತದೆ.

ಈ ಸತ್ಯವನ್ನು ನಮ್ಮ ಹಿರಿಯರು ಅನುಭವದಿಂದ ಅರಿತಿದ್ದರು. ಕಲ್ಲು ಮಣ್ಣಿನ ಒಂದೂವರೆ, ಎರಡು ಅಡಿ ದಪ್ಪದ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ತುಂಡುಗಳು, ಸೊಪ್ಪಿನ ಹಾಸು, ಎಲ್ಲಕ್ಕೂ ಮೇಲೆ ದಪ್ಪನೆಯ ಮಣ್ಣು. ಮಳೆಗಾಲಕ್ಕೆ ಮುನ್ನ ಸವಳು ಮಣ್ಣು ಹರಡಿ ಸೋರದಂತೆ ಮಾಡುತ್ತಿದ್ದರು. ಮಾಳಿಗೆಯ ಬೆಳಕಿಂಡಿ ಬೆಳಕನ್ನು ಒಳತಂದು, ಮೇಲೇರಿದ ಬಿಸಿಗಾಳಿಯನ್ನು ಹೊರಗೆ ಕಳಿಸುತ್ತಿತ್ತು. ಇಂತಹ ಮಣ್ಣನ್ನು ಶಾಖ ದಾಟಿ ಬರಲು ಅನೇಕ ಗಂಟೆಗಳೇ ಬೇಕು. ಅದು ಒಳಗೆ ತಲುಪುವ ವೇಳೆಗೆ ಹೊರಗೆ ರಾತ್ರಿ ತಣ್ಣಗಾಗಿರುತ್ತದೆ. ನಾಲ್ಕೈದು ಅಂಗುಲದ ಕಾಂಕ್ರೀಟ್ ಹಲಗೆಯಾದರೋ ಮಧ್ಯಾಹ್ನ ಹೀರಿದ ಶಾಖವನ್ನು ಸಂಜೆಯಿಂದಲೇ ಮಲಗುವವರ ಮೇಲೆ ಸುರಿಯತೊಡಗುತ್ತದೆ. ತಗಡಿನ ಛಾವಣಿಗೆ ಅಷ್ಟು ತಾಳ್ಮೆಯೂ ಇಲ್ಲ; ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಅದು ಕಾದ ಹಂಚಾಗುತ್ತದೆ.

ಇನ್ನು ಸರ್ಕಾರಿ ಲೆಕ್ಕವನ್ನು ನೋಡಿ. 2011ರ ಜನಗಣತಿಯ ವರ್ಗೀಕರಣದಲ್ಲಿ ಮಣ್ಣಿನ ಛಾವಣಿ ಹುಲ್ಲು, ಬಿದಿರು, ಮರದ ಛಾವಣಿಗಳ ಜೊತೆ ಒಂದೇ ಗುಂಪಿಗೆ ಸೇರಿತು. ಲೋಹದ ತಗಡು ಮತ್ತು ಕಲ್ನಾರಿನ ಶೀಟುಗಳಾದರೋ ಕಾಂಕ್ರೀಟಿನಂತೆಯೇ ಶಾಶ್ವತ ಸಾಮಗ್ರಿಗಳೆನಿಸಿಕೊಂಡವು. ಅಂದರೆ ಮೂರು ತಲೆಮಾರು ಬಾಳಿದ ಮಾಳಿಗೆ ಕಚ್ಚಾ, ತಗಡು ಹೊದಿಸಿದ ಇಟ್ಟಿಗೆಯ ಕೋಣೆ ಪಕ್ಕಾ! ಸಾಮಗ್ರಿಯ ಬಾಳಿಕೆಯನ್ನು ಅಳೆಯುವ ಈ ಮಾನದಂಡ, ಅದರ ಕೆಳಗೆ ಬದುಕುವವರ ಪಾಡನ್ನು ಅಳೆಯುವುದಿಲ್ಲ.

ಹಾಗೆಂದು ಮಣ್ಣಿನ ಮನೆಗಳಿಗೆ ಮರಳೋಣ ಎಂಬುದು ನನ್ನ ವಾದವಲ್ಲ. ಜಂತಿಗೆ ಬೇಕಾದ ಮರ ಇಂದು ಬಡವರ ಕೈಗೆಟುಕದು. ಪ್ರತಿವರ್ಷ ಮಣ್ಣು ಹೊತ್ತು ಹಾಕುವ ಆಳುಗಳಿಲ್ಲ, ಕೂಡು ಕುಟುಂಬಗಳೂ ಉಳಿದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಮಹಾಮಳೆಯನ್ನು ಉತ್ತರ ಕರ್ನಾಟಕ ಮರೆತಿಲ್ಲ. ದಿನಗಟ್ಟಲೆ ನೆನೆದ ಮಣ್ಣಿನ ಮನೆಗಳು ಕುಸಿದು ಜೀವಗಳನ್ನೇ ಬಲಿ ತೆಗೆದುಕೊಂಡವು. ಅದನ್ನು ಕಂಡವರು ಕಾಂಕ್ರೀಟ್ ಛಾವಣಿ ಬಯಸುವುದು ಪ್ರತಿಷ್ಠೆಗಲ್ಲ, ನೆಮ್ಮದಿಯ ನಿದ್ದೆಗೆ. ಮಳೆಗೆ ಬೀಳದ ಮನೆ ಬೇಕು ಎಂಬ ಅವರ ಹಂಬಲ ನ್ಯಾಯವಾದುದು. ಆದರೆ ಅದೇ ಮನೆ ಬಿಸಿಲಿಗೂ ತಡೆಯೊಡ್ಡಬಾರದೆಂದು ಯಾರು ಹೇಳಿದರು?

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಅಡುಗೆ ಸ್ಥಳವೂ ಸೇರಿ ಕನಿಷ್ಠ 25 ಚದರ ಮೀಟರ್‌ನ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂಪಾಯಿ ನೆರವು ನಿಗದಿಪಡಿಸಿತು. 2024ರಲ್ಲಿ ಯೋಜನೆಯನ್ನು ಇನ್ನೂ ಐದು ವರ್ಷ ಮುಂದುವರಿಸಿದಾಗಲೂ ಈ ಮೊತ್ತ ಬದಲಾಗಲಿಲ್ಲ. ಸಿಮೆಂಟು, ಕಬ್ಬಿಣ, ಕೂಲಿ ಏರಿದ ಈ ಕಾಲದಲ್ಲಿ ಆ ಹಣಕ್ಕೆ ಸಾಲ ಸೇರಿಸಿ ಛಾವಣಿ ಮುಗಿಸುವುದೇ ಬಡವನಿಗೆ ದೊಡ್ಡ ಸಾಹಸ. ಛಾವಣಿಯ ಮೇಲೆ ಮತ್ತೇನಾದರೂ ಮಾಡುವ ಮಾತು ದೂರವೇ ಉಳಿಯುತ್ತದೆ. ಸೇವೆಯಲ್ಲಿದ್ದ ವರ್ಷಗಳಲ್ಲಿ ವಸತಿ ಯೋಜನೆಗಳ ಅನೇಕ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ನಾನು ಕುಳಿತಿದ್ದೇನೆ. ತಳಪಾಯ ಎಷ್ಟು, ಲಿಂಟಲ್ ಮಟ್ಟ ಎಷ್ಟು, ಛಾವಣಿ ಎಷ್ಟು, ಪೂರ್ಣ ಎಷ್ಟು: ನಮೂನೆಯಲ್ಲಿ ಇದ್ದ ಕಾಲಂಗಳು ಇಷ್ಟೇ. ಮನೆಯೊಳಗೆ ಮೇ ತಿಂಗಳಲ್ಲಿ ಕೂರಲು ಸಾಧ್ಯವೇ ಎಂಬುದಕ್ಕೆ ಕಾಲಂ ಇರಲಿಲ್ಲ.

ಇಲ್ಲಿ ಇನ್ನೊಂದು ಅಸಮಾನತೆಯೂ ಇದೆ. ಮನೆಯ ಛಾವಣಿ ಎಷ್ಟು ಶಾಖವನ್ನು ಒಳಬಿಡಬಹುದು ಎಂಬುದಕ್ಕೆ ದೇಶದಲ್ಲಿ 2018ರಲ್ಲಿಯೇ ಮಿತಿ ನಿಗದಿಯಾಗಿದೆ. ಅದನ್ನು ಹೇಳುವ ‘ಇಕೊ ನಿವಾಸ್ ಸಂಹಿತೆ’ ರೂಪುಗೊಂಡಿರುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗಾಗಿ. ಹವಾನಿಯಂತ್ರಣ ಯಂತ್ರ ಕೊಳ್ಳಬಲ್ಲವನ ಛಾವಣಿಗೆ ಮಾನದಂಡ ಉಂಟು. ಒಂದು ಫ್ಯಾನನ್ನೇ ನೆಚ್ಚಿಕೊಂಡವನ ಛಾವಣಿಗೆ ಇಲ್ಲ.

ಪರಿಹಾರ ದುಬಾರಿಯದೇನಲ್ಲ. ಕಾಂಕ್ರೀಟ್ ಛಾವಣಿಯ ಮೇಲೆ ಪ್ರತಿ ಬೇಸಿಗೆಗೆ ಮುನ್ನ ಎರಡು ಮೂರು ಸಲ ದಟ್ಟವಾಗಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಪ್ರತಿಫಲಿಸುತ್ತದೆ. ಬಿಳಿಯ ಒಡಕು ಹೆಂಚಿನ ಹಾಸು ವರ್ಷಗಟ್ಟಲೆ ಬಾಳುತ್ತದೆ. ತಗಡಿಗೆ ಬಿಳಿ ಬಣ್ಣ, ಅದರ ಮೇಲೆ ದಂಟಿನ ಹಂದರ ಸಾಕಷ್ಟು ಆಸರೆ ನೀಡುತ್ತವೆ. ಹಗಲು ಕಿಟಕಿ ಮುಚ್ಚಿ ರಾತ್ರಿ ತೆರೆಯುವುದು, ಪಡುವಣ ದಿಕ್ಕಿಗೆ ಒಂದು ಬೇವಿನ ಸಸಿ ನೆಡುವುದು ಖರ್ಚಿಲ್ಲದ ಉಪಾಯಗಳು. ಗೋಡೆಯ ವಿಚಾರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ದಶಕಗಳ ಹಿಂದೆಯೇ ದಾರಿ ತೋರಿದೆ. ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ಸುಡಬೇಕಿಲ್ಲ. ಅದು ಮಳೆಗೂ ಕರಗದು.

ನೆರೆಯ ತೆಲಂಗಾಣ 2023ರಲ್ಲಿ ಐದು ವರ್ಷಗಳ ತಂಪು ಛಾವಣಿ ನೀತಿಯನ್ನೇ ಪ್ರಕಟಿಸಿತು. ಅದೇ ವರ್ಷ ನಮ್ಮ ಸರ್ಕಾರ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್ ಮಿತಿಯೊಳಗೆ ಗೃಹಬಳಕೆಯ ವಿದ್ಯುತ್ತನ್ನು ಉಚಿತಗೊಳಿಸಿತು. ಬಡವರ ಮನೆಯಲ್ಲಿ ಫ್ಯಾನು ತಿರುಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಅನ್ನಿಸುವುದಿಷ್ಟು: ಕಾದ ಛಾವಣಿಯ ಕೆಳಗಿನ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತದೆ. ಆ ವಿದ್ಯುತ್ತಿಗೆ ಬೊಕ್ಕಸ ಪ್ರತಿ ತಿಂಗಳೂ ಹಣ ತೆರುತ್ತದೆ. ಛಾವಣಿಯನ್ನು ತಂಪಾಗಿಸಲು ಒಮ್ಮೆ ಖರ್ಚು ಮಾಡಲು ಮಾತ್ರ ಯಾವ ಲೆಕ್ಕಶೀರ್ಷಿಕೆಯೂ ಇಲ್ಲ.

ಮೂರು ಕ್ರಮಗಳನ್ನು ಸರ್ಕಾರ ತಡವಿಲ್ಲದೆ ಕೈಗೊಳ್ಳಬಹುದು. ಒಂದು, ವಸತಿ ಯೋಜನೆಯ ಕೊನೆಯ ಕಂತಿಗೆ ತಂಪು ಛಾವಣಿಯ ವೆಚ್ಚವನ್ನು ಪ್ರತ್ಯೇಕವಾಗಿ ಸೇರಿಸಿ, ಅದನ್ನೂ ಪ್ರಗತಿಯ ಒಂದು ಹಂತವೆಂದು ಪರಿಗಣಿಸಬೇಕು. ಎರಡು, ಈಗಾಗಲೇ ನಿಂತಿರುವ ಮನೆ, ಅಂಗನವಾಡಿ ಹಾಗೂ ಶಾಲೆಗಳ ಛಾವಣಿಗಳಿಗೆ ಪ್ರತಿ ಫೆಬ್ರುವರಿಯಲ್ಲಿ ಸುಣ್ಣ ಬಳಿಸುವ ಹೊಣೆಯನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಗ್ರಾಮ ಪಂಚಾಯಿತಿಗಳಿಗೆ ವಹಿಸಬೇಕು. ಮೂರು, ಇನ್ನೂ ಗಟ್ಟಿಯಾಗಿರುವ ಮಾಳಿಗೆ ಮನೆಗಳನ್ನು ಕೆಡವುವ ಬದಲು ದುರಸ್ತಿ ಮಾಡಿಕೊಳ್ಳುವವರಿಗೂ ನೆರವು ಸಿಗಬೇಕು.

ಬೇಸಿಗೆ ಇನ್ನಷ್ಟು ಕಠಿಣವಾಗುತ್ತಿದೆ. ಹೊಲದಲ್ಲಿ ದುಡಿದು ಬರುವ ಕೂಲಿಕಾರರು, ಹಸುಗೂಸುಗಳು, ಹಾಸಿಗೆ ಹಿಡಿದ ವೃದ್ಧರು ಮರದ ನೆರಳನ್ನೇ ಹುಡುಕಿಕೊಂಡು ಹೋಗುವಂತಿಲ್ಲ. ಅವರಿಗೆ ಮನೆಯೊಳಗೇ ನೆರಳು ಸಿಗಬೇಕು. ಅದನ್ನು ಕೊಡದ ಛಾವಣಿಯನ್ನು ಯಾವ ದಾಖಲೆಯೂ ಪಕ್ಕಾ ಎಂದು ಬರೆದುಕೊಳ್ಳಬಾರದು.