ರಸ ಹಾರಿಹೋಯಿತು ಅಂದರೆ, ಎಲ್ಲಿಗೆ?

ಚಿನ್ನ ತೆಗೆಯುವಲ್ಲಿ ಪಾದರಸಕ್ಕೆ ಕಡಿವಾಣ ಬೇಕು ಎಂದೊಡನೆ ಹೊಳೆಆಲೂರಿನ ಕಟ್ಟೆಯ ಮೇಲೆ ಏಳುವ ಮೊದಲ ಮಾತು: "ಅದು ಪೆರು, ಘಾನಾದ ಸುದ್ದಿ. ನಮಗ್ಯಾಕ?" ನಮ್ಮದೇ ಜಿಲ್ಲೆಯ ಕಪ್ಪತಗುಡ್ಡದ ಬುಡದಲ್ಲಿ, ಡೋಣಿ, ಸೊರಟೂರಿನ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಚಿನ್ನ ಹೆಕ್ಕುತ್ತಿದ್ದುದು ಬ್ರಿಟಿಷರ ಕಾಲದ ದಾಖಲೆಗಳಲ್ಲಿದೆ. ಆ ಕಸುಬು ಸೊರಗಿತು, ನಿಜ. ಆದರೆ ಪತ್ತಾರರ ಅಂಗಡಿಯ ಕಸ ತೊಳೆದು ಚಿನ್ನದ ಪುಡಿ ಹಿಡಿಯುವ ಕೆಲಸ ನಾಡಿನಲ್ಲಿ ನಿಂತಿಲ್ಲ. ಗಣಿಯಿರಲಿ, ಕಸವಿರಲಿ, ಪಾದರಸ ಹಾಕಿದ ಮೇಲೆ ನಡೆಯುವುದು ಒಂದೇ: ಪುಡಿ ರಸಕ್ಕೆ ಅಂಟಿ ಮುದ್ದೆಯಾಗುತ್ತದೆ, ಅರಿವೆಯಲ್ಲಿ ಹಿಂಡುತ್ತಾರೆ, ಬೆಂಕಿಗಿಡುತ್ತಾರೆ. ರಸ ಹಾರಿ ಚಿನ್ನ ಉಳಿಯುತ್ತದೆ.

"ಅಜ್ಜ, ಮುತ್ತಜ್ಜ ಬರಿಗೈಲಿ ಹಿಡಿದಿದ್ದಾರೆ, ಏನೂ ಆಗಲಿಲ್ಲ" ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗುಂಡುಗುಂಡಾದ ರಸ ಚರ್ಮದಿಂದ ಒಳಹೋಗುವುದು ಕಡಿಮೆ. ನುಂಗಿದರೂ ಬಹುಪಾಲು ಹೊರಬೀಳುತ್ತದೆ. ಆವಿಯ ಲೆಕ್ಕವೇ ಬೇರೆ. ಉಸಿರಿನಲ್ಲಿ ಎಳೆದುಕೊಂಡ ಆವಿಯಲ್ಲಿ ನೂರಕ್ಕೆ ಸುಮಾರು 80 ಪಾಲು ಮೈಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೈ ನಡುಗಿದರೆ ವಯಸ್ಸಾಯಿತು ಅಂದೆವು, ಮರೆವು ಬಂದರೆ ಅರಳುಮರಳು ಅಂದೆವು. ಏನೂ ಆಗಲಿಲ್ಲ ಅನ್ನಲು ಆ ಅಜ್ಜಂದಿರನ್ನು ಯಾರು ಪರೀಕ್ಷೆ ಮಾಡಿಸಿದ್ದರು? ಅಡುಗೆಮನೆಯ ಮಗ್ಗುಲಲ್ಲೇ ಮೂಸೆ ಕಾಯಿಸಿದರೆ ಆ ಆವಿ ತೊಟ್ಟಿಲ ಕೂಸಿಗೂ ತಪ್ಪದು.

"ಹಟ್ಟಿ ಚಿನ್ನದ ಗಣಿಯಲ್ಲಿ ಸೈನೈಡ್ ಬಳಸುತ್ತಾರಲ್ಲ, ಅವರನ್ನು ಕೇಳಿ" ಎನ್ನುವುದು ಜಾಣತನ. ಕೇಳಲೇಬೇಕು, 2001ರಲ್ಲಿ ಮುಚ್ಚಿದ ಕೋಲಾರದ ಗಣಿಯ ಸೈನೈಡ್ ದಿಬ್ಬಗಳ ದೂಳು ಕೆಜಿಎಫ್ ಜನರನ್ನು ಇನ್ನೂ ಬಿಟ್ಟಿಲ್ಲ. ಆದರೆ ಸೈನೈಡ್ ಬಿಸಿಲಿಗೆ ಒಡೆಯುತ್ತದೆ, ಪಾದರಸ ಒಡೆಯದು. ಗಟಾರಕ್ಕೆ ಚೆಲ್ಲಿದ ತೊಳೆನೀರು ಹಳ್ಳ ಹಿಡಿದು ಮಲಪ್ರಭೆ ಸೇರಿದರೆ, ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಮಿಥೈಲ್ ಪಾದರಸ ಮಾಡಿ ಮೀನಿಗೆ ಉಣಿಸುತ್ತವೆ. 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಬೆಳಕಿಗೆ ಬಂದ ರೋಗ ಆ ಮಿಥೈಲ್ ಪಾದರಸದ್ದೇ. ಅಲ್ಲಿ ಅದನ್ನು ಕಡಲಿಗೆ ಬಿಟ್ಟದ್ದು ಕಾರ್ಖಾನೆ.

ಉಳಿದದ್ದು "ಬಡವರ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ". ಇದನ್ನು ತಳ್ಳಿಹಾಕುವಂತಿಲ್ಲ. ಪಾದರಸಕ್ಕೆ ಕಡಿವಾಣ ಹಾಕಲು ಭಾರತ 2018ರಲ್ಲಿ ಅನುಮೋದಿಸಿದ ಮಿನಮಾಟಾ ಒಪ್ಪಂದವೂ ಕಸುಬು ಮುಚ್ಚಿ ಎನ್ನುವುದಿಲ್ಲ. ಮುದ್ದೆಯನ್ನು ಬಯಲಲ್ಲಿ, ಮನೆಗಳ ನಡುವೆ ಸುಡುವುದನ್ನು ನಿಲ್ಲಿಸಿ ಎನ್ನುತ್ತದೆ. ಮುಚ್ಚಿದ ಪಾತ್ರೆ, ಬಾಗಿದ ಕೊಳವೆ, ತಣ್ಣೀರು ಇದ್ದರೆ ಆವಿ ತಣಿದು ರಸ ಮತ್ತೆ ಕೈಗೆ ಬರುತ್ತದೆ. ದುಡ್ಡು ಕೊಟ್ಟು ತಂದ ರಸವನ್ನು ಗಾಳಿಗೆ ಬಿಟ್ಟು ಮತ್ತೆ ಕೊಂಡರೆ ಯಾವ ಬಡವನ ಹೊಟ್ಟೆ ತುಂಬಿತು? ಫಿಲಿಪ್ಪೀನ್ಸಿನ ಬೆಂಗೆಟ್‌ನ ಗಣಿಗಾರರು ಪುಡಿಯನ್ನು ಚೆನ್ನಾಗಿ ತೊಳೆದು, ಭಾರದ್ದನ್ನಷ್ಟೇ ಉಳಿಸಿಕೊಂಡು, ಪಾದರಸದ ಹಂಗಿಲ್ಲದೆ ಬಿಳಿಗಾರ ಹಾಕಿ ಕರಗಿಸುತ್ತಾರೆ. ಬಿಳಿಗಾರ ನಮ್ಮ ಪತ್ತಾರರು ದಿನಾ ಬೆಸುಗೆಗೆ ಬಳಸುವಂಥದ್ದೇ. ಒಂದು ಸಲ ಕಸದ ಚಿನ್ನಕ್ಕೂ ಹಾಕಿ ನೋಡಲಿ, ನಷ್ಟದ ಲೆಕ್ಕ ಆಮೇಲೆ ಕಟ್ಟೆಯ ಮೇಲೆ ಕೂತು ಮಾಡೋಣ.