ಮನೆಯ ನೆಟ್‌ಗೆ ‘ಪೋರ್ಟ್’ ಇಲ್ಲ

ಬೆಂಗಳೂರಿನ ಬಸವೇಶ್ವರನಗರದ ಕಡೆ ಹೋದರೆ ಬೀದಿಗೆ ಹತ್ತು ಸಿಗುವಂಥ ಒಂದು ಮೂರಂತಸ್ತಿನ ಮನೆ. ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಕುಟುಂಬದ ಇಂಟರ್‌ನೆಟ್ ಪ್ಲಾನ್ ಇನ್ನು ಆರು ದಿನಕ್ಕೆ ಮುಗಿಯುತ್ತದೆ. ವರ್ಷದ ದುಡ್ಡನ್ನು ಒಂದೇ ಸಲ ಕಟ್ಟಿ ಹಾಕಿಸಿಕೊಂಡ ಕನೆಕ್ಷನ್. ‘ರಿನ್ಯೂ ಮಾಡಿ’ ಎಂಬ ಮೆಸೇಜು ದಿನಕ್ಕೆರಡು ಸಲ ಬರುತ್ತಿದೆ. ಕಳೆದ ಮಳೆಗಾಲದಲ್ಲಿ ಮೂರು ಬಾರಿ ನೆಟ್ ಹೋಗಿ, ಅದರಲ್ಲಿ ಒಂದು ಬಾರಿ ನಾಲ್ಕು ದಿನ ಪತ್ತೆಯೇ ಇರಲಿಲ್ಲ. ಹಾಗಾಗಿ ಈ ಸಲ ಕಂಪನಿ ಬದಲಿಸುವುದೆಂದು ಮನೆಯಾಕೆ ತೀರ್ಮಾನಿಸಿಯಾಗಿದೆ. ಗೇಟಿಗೆ ಸಿಕ್ಕಿಸಿಹೋದ ಪಾಂಪ್ಲೆಟ್‌ಗಳು ಊಟದ ಮೇಜಿನ ಮೇಲಿವೆ. ಒಂದರಲ್ಲಿ 200 ಎಂಬಿಪಿಎಸ್, ಇನ್ನೊಂದರಲ್ಲಿ 300, ಮತ್ತೊಂದರಲ್ಲಿ ಸಾಲು ಸಾಲು ಒಟಿಟಿ ‘ಫ್ರೀ’. ನಿರ್ಧಾರಕ್ಕೆ ಬೇಕಾದ ಸಂಗತಿ ಮಾತ್ರ ಯಾವುದರಲ್ಲೂ ಇಲ್ಲ. ಅದು ಕಿಟಕಿಯಾಚೆ, ಹೊಂಗೆ ಮರದ ಕೊಂಬೆಗೆ ಸುರುಳಿ ಸುತ್ತಿ ನೇತುಹಾಕಿದ ಕಪ್ಪು ತಂತಿಯಲ್ಲಿದೆ.

ಇದೇ ಕುಟುಂಬ ಮೊಬೈಲ್ ಕಂಪನಿಯ ಮೇಲೆ ಮುನಿಸಿಕೊಂಡಿದ್ದರೆ ಕೆಲಸ ಸಲೀಸಿತ್ತು. ‘ಪೋರ್ಟ್’ ಎಂದು ಬರೆದು, ನಂಬರ್ ಸೇರಿಸಿ 1900ಕ್ಕೆ ಒಂದು ಎಸ್‌ಎಂಎಸ್. 6 ರೂಪಾಯಿ 46 ಪೈಸೆ ಶುಲ್ಕ. ಅದೇ ಸರ್ಕಲ್‌ನೊಳಗಾದರೆ ಮೂರು ಕೆಲಸದ ದಿನ. 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಶುರುವಾದ ಈ ಏರ್ಪಾಡು 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂತು. ‘ಪೋರ್ಟ್ ಮಾಡಿಸ್ತೀನಿ’ ಎಂದರೆ ಸಾಕು, ಕಸ್ಟಮರ್ ಕೇರ್‌ನ ದನಿ ಮೆತ್ತಗಾಗುತ್ತದೆ. ಮನೆಯ ಬ್ರಾಡ್‌ಬ್ಯಾಂಡ್ ಗ್ರಾಹಕರ ಬಾಯಲ್ಲಿ ಅಂಥದೊಂದು ಮಾತಿಲ್ಲ. ಹಳೆಯದನ್ನು ತಾವೇ ನಿಲ್ಲಿಸಬೇಕು, ಹೊಸದಕ್ಕೆ ಮತ್ತೆ ಆಧಾರ್ ಕೊಡಬೇಕು, ಗೋಡೆಗೆ ಮತ್ತೊಂದು ತೂತು ಕೊರೆಸಲು ಮನೆ ಮಾಲೀಕರ ಒಪ್ಪಿಗೆ ಕೇಳಬೇಕು. ದೇಶದ ಬ್ರಾಡ್‌ಬ್ಯಾಂಡ್ ಚಂದಾದಾರರ ಲೆಕ್ಕ 90 ಕೋಟಿ ದಾಟಿದ್ದರೂ ತಂತಿಯಿಂದ ಪಡೆಯುವವರು ನಾಲ್ಕು ಕೋಟಿಯ ಆಸುಪಾಸು. ನಿಯಂತ್ರಕರ ಗಮನವೆಲ್ಲ ದೊಡ್ಡ ಸಂಖ್ಯೆಯ ಕಡೆಗೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಪಾಂಪ್ಲೆಟ್ಟಿನ ಸಂಖ್ಯೆಗಳನ್ನು ಮೊದಲು ಬದಿಗಿಡಬಹುದು. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ 256 ಕೆಬಿಪಿಎಸ್ ಬಂದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಅದು 512 ಆಯಿತು, 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿತು. ಅಂದರೆ ಕಾನೂನಿನ ಕನಿಷ್ಠಕ್ಕೂ ಜಾಹೀರಾತಿನ ಗರಿಷ್ಠಕ್ಕೂ ನೂರುಪಟ್ಟಿಗೂ ಹೆಚ್ಚು ಅಂತರವಿದೆ. ಕಂಪನಿಗಳು ಆಡುವುದೇ ಆ ಬಯಲಿನಲ್ಲಿ. ಮನೆಗೆ ನಿಜವಾಗಿ ಎಷ್ಟು ಬೇಕು? 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಇದ್ದರೆ ಸಾಕೆಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ವಿಡಿಯೊ ಮೀಟಿಂಗಿಗೆ ನಾಲ್ಕು ಎಂಬಿಪಿಎಸ್ ಧಾರಾಳ. ಎರಡು ಟಿವಿ, ಇಬ್ಬರ ಮೀಟಿಂಗು, ಮಗನ ಗೇಮು ಎಲ್ಲ ಒಟ್ಟಿಗೇ ನಡೆದರೂ 50ರೊಳಗೆ ಮುಗಿಯುತ್ತದೆ. 300ರ ಪ್ಲಾನ್ ಹಾಕಿಸಿ ರೂಟರನ್ನು ಶೂ ರ‍್ಯಾಕಿನ ಹಿಂದೆ ಇಟ್ಟವರ ಮನೆಯ ಒಳಕೋಣೆಗೆ 20 ತಲುಪಿದರೆ ಪುಣ್ಯ. ಇನ್ನು, ‘100 ಎಂಬಿಪಿಎಸ್ ಅಂದ್ರು, ಡೌನ್‌ಲೋಡ್‌ನಲ್ಲಿ 12 ತೋರಿಸ್ತಿದೆ’ ಎಂದು ರೇಗುವವರಿಗೆ ಕಂಪನಿ ಮೋಸ ಮಾಡಿರಲಾರದು. ಪ್ಲಾನಿನ ಲೆಕ್ಕ ಬಿಟ್‌ನಲ್ಲಿ, ಡೌನ್‌ಲೋಡಿನದು ಬೈಟ್‌ನಲ್ಲಿ; ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆಯೇ ಬರುವುದು. ಬೆಲೆಯಲ್ಲಿ ಮಾತ್ರ ಕಣ್ಕಟ್ಟು ಇದೆ. ದೊಡ್ಡ ಅಕ್ಷರದ 799 ರೂಪಾಯಿಗೆ ಶೇ 18ರ ಜಿಎಸ್‌ಟಿ ಸೇರಿದರೆ ಬಿಲ್ಲು 942 ರೂಪಾಯಿ 82 ಪೈಸೆ.

ಹಾಗಾದರೆ ನೋಡಬೇಕಾದದ್ದೇನು? ತಂತಿ ಬರುವ ದಾರಿ, ಆ ತಂತಿಯ ತುದಿಯಲ್ಲಿರುವ ಮನುಷ್ಯ.

ಮನೆಗಳಿಗೆ ಬರುವ ಫೈಬರ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆ ಸುಮಾರು ಎರಡೂವರೆ ಗಿಗಾಬಿಟ್ ಹೊತ್ತು ತರುತ್ತದೆ. ಬೀದಿಯ ಪೆಟ್ಟಿಗೆಯಲ್ಲಿರುವ ಸ್ಪ್ಲಿಟರ್ ಅದನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ಮಾಡಿದ ಸ್ಪೀಡ್ ಟೆಸ್ಟ್ ರಾತ್ರಿ ಒಂಬತ್ತರ ಕತೆ ಹೇಳದಿರುವುದು ಇದೇ ಕಾರಣಕ್ಕೆ. ಹಂಚಿಕೆ ಎಂಬುದು ಈ ವ್ಯಾಪಾರದ ಹುಟ್ಟುಗುಣ. 2009ರಲ್ಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಮನೆ ಬಳಕೆದಾರರಿಗೆ ಒಂದಕ್ಕೆ 50, ವ್ಯಾಪಾರಿಗಳಿಗೆ ಒಂದಕ್ಕೆ 30ರ ಮಿತಿ ಹಾಕಿ, ಅದನ್ನು ಗ್ರಾಹಕರಿಗೆ ತಿಳಿಸಿ ಎಂದಿತ್ತು. ಮನೆ ಬಾಗಿಲಿಗೆ ಬರುವ ಸೇಲ್ಸ್ ಹುಡುಗನನ್ನು ಈ ಅನುಪಾತ ಎಷ್ಟೆಂದು ಕೇಳಿ ನೋಡಬಹುದು. ಉತ್ತರಕ್ಕಿಂತ ಅವನ ಮುಖ ಹೆಚ್ಚು ಹೇಳುತ್ತದೆ.

ಹಳೆಯ ಬಡಾವಣೆಗಳಲ್ಲಿ ಇನ್ನೊಂದು ಬಗೆಯೂ ಉಳಿದಿದೆ. ಫೈಬರ್ ಬರುವುದು ಯಾವುದೋ ಕಟ್ಟಡದ ತಾರಸಿಯ ಸ್ವಿಚ್‌ವರೆಗೆ ಮಾತ್ರ. ಅಲ್ಲಿಂದ ಮನೆಗಳಿಗೆ ಲ್ಯಾನ್ ಕೇಬಲ್. ಆ ಸ್ವಿಚ್‌ಗೆ ಕರೆಂಟು ಬೇಕು. ಮನೆಯಲ್ಲಿ ಯುಪಿಎಸ್ ಇದ್ದು ರೂಟರಿನ ದೀಪ ಹಸಿರಾಗಿಯೇ ಉರಿಯುತ್ತಿದ್ದರೂ, ಮೂರು ಮನೆ ಆಚೆಯ ತಾರಸಿಯಲ್ಲಿ ಕರೆಂಟು ಹೋದರೆ ನೆಟ್ಟೂ ಹೋಯಿತು. ಜಿಪಾನ್‌ನ ಸ್ಪ್ಲಿಟರ್‌ಗೆ ವಿದ್ಯುತ್ತಿನ ಹಂಗಿಲ್ಲ. ಆದ್ದರಿಂದ ಪಕ್ಕದ ಮನೆಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಸ್ಪೀಡ್ ಎಷ್ಟು ಎಂಬುದಲ್ಲ. ‘ಬೆಸ್ಕಾಂನವರು ಕರೆಂಟ್ ತೆಗೆದಾಗ ನಿಮ್ಮ ನೆಟ್ ಇರುತ್ತಾ?’ ಎಂಬುದು.

ಎರಡನೆಯ ಪ್ರಶ್ನೆ ಮರದ್ದು. ಬೆಂಗಳೂರಿನ ಇಂಟರ್‌ನೆಟ್‌ನ ದೊಡ್ಡ ಪಾಲು ನೆಲದಡಿಯಲ್ಲಿಲ್ಲ. ಮರ, ವಿದ್ಯುತ್ ಕಂಬ, ಬೀದಿದೀಪಗಳ ಮೇಲೆ ತೂಗಾಡುತ್ತಿದೆ. ಪಾಲಿಕೆಯವರೂ ಬೆಸ್ಕಾಂನವರೂ ಆಗಾಗ ಅಭಿಯಾನ ನಡೆಸಿ ಈ ಅನಧಿಕೃತ ಕೇಬಲ್‌ಗಳನ್ನು ಕತ್ತರಿಸುತ್ತಾರೆ. ಪಾದಚಾರಿಗಳ ತಲೆಗೆ, ಬೈಕಿನವರ ಕುತ್ತಿಗೆಗೆ ಸಿಕ್ಕಿಕೊಳ್ಳುವ ತಂತಿ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕತ್ತರಿಸಿದ ದಿನ ನಾಲ್ಕು ಕಂಪನಿಗಳ ಗ್ರಾಹಕರೂ ಒಟ್ಟಿಗೇ ಕತ್ತಲಲ್ಲಿ. ‘ಬ್ಯಾಕಪ್‌ಗೆ ಇರಲಿ’ ಎಂದು ಎರಡು ಕಂಪನಿಯ ಕನೆಕ್ಷನ್ ಇಟ್ಟುಕೊಂಡವರ ಎರಡೂ ತಂತಿಗಳು ಒಂದೇ ಕೊಂಬೆಯ ಮೇಲೆ ಬಂದಿದ್ದರೆ ಅದು ಬ್ಯಾಕಪ್ ಅಲ್ಲ, ಎರಡು ಬಿಲ್ಲು ಅಷ್ಟೆ.

ಇಂಥ ದಿನ ಬರುವವನು ಬೆನ್ನಿಗೆ ಚೀಲ ಹಾಕಿಕೊಂಡು, ಏಣಿಯನ್ನು ಬೈಕಿಗೆ ಅಡ್ಡ ಕಟ್ಟಿಕೊಂಡ ಹುಡುಗ. ಮೋಡೆಮ್ಮಿನ ಕೆಂಪು ದೀಪ ನೋಡಿ ‘ಫೈಬರ್ ಕಟ್ ಸಾರ್’ ಎನ್ನುತ್ತಾನೆ. ಕಪ್ಪು ಹೊದಿಕೆ ಸುಲಿದರೆ ಒಳಗಿರುವುದು 125 ಮೈಕ್ರಾನಿನ, ತಲೆಗೂದಲಿಗಿಂತ ಅಷ್ಟೇನೂ ದಪ್ಪವಲ್ಲದ ಗಾಜಿನ ಎಳೆ. ಅದನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಸ್ಪ್ಲೈಸಿಂಗ್ ಮೆಷಿನ್ನಿನಲ್ಲಿ ಎರಡು ತುದಿ ಎದುರುಬದುರು ಇಟ್ಟರೆ ಒಂದು ಕಿಡಿ ಹಾರಿ ಗಾಜು ಕರಗಿ ಕೂಡುತ್ತದೆ. ಜಾಯಿಂಟ್ ಸರಿಯಾದರೆ ವರ್ಷಗಟ್ಟಲೆ ನಿಲ್ಲುತ್ತದೆ. ಅವಸರದಲ್ಲಿ ಸುತ್ತಿ ಟೇಪು ಹಚ್ಚಿದ್ದರೆ ಮುಂದಿನ ಮಳೆಗೆ ಮತ್ತೆ ಕೆಂಪು ದೀಪ. ಈ ಹುಡುಗ ಬಹಳ ಕಡೆ ಕಂಪನಿಯ ನೌಕರನೇ ಅಲ್ಲ, ಗುತ್ತಿಗೆಯವನು. ಅವನ ಪಾಲಿಗೆ ಬಡಾವಣೆಯ ಎಷ್ಟು ಮನೆ ಬಿದ್ದಿವೆ ಎಂಬುದರ ಮೇಲೆ ನಮ್ಮ ನಾಲ್ಕು ದಿನವೋ ನಾಲ್ಕು ಗಂಟೆಯೋ ತೀರ್ಮಾನವಾಗುತ್ತದೆ. ಸಣ್ಣ ಕೇಬಲ್ ಆಪರೇಟರ್ ಕೆಲವೊಮ್ಮೆ ದೊಡ್ಡ ಬ್ರ್ಯಾಂಡನ್ನು ಸೋಲಿಸುವುದು ಇಲ್ಲೇ. ಅವನ ಮನೆ ಇರುವುದು ಹಿಂದಿನ ಕ್ರಾಸಿನಲ್ಲಿ, ಫೋನ್ ತೆಗೆಯದಿದ್ದರೆ ಹೋಗಿ ಬಾಗಿಲು ತಟ್ಟಬಹುದು.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಈ ಆಯ್ಕೆಯೂ ಹಲವೊಮ್ಮೆ ಇಲ್ಲ. ಬಿಲ್ಡರ್ ಇಲ್ಲವೇ ಅಸೋಸಿಯೇಷನ್ ಒಂದೋ ಎರಡೋ ಕಂಪನಿಗೆ ಮಾತ್ರ ಡಕ್ಟ್ ಬಿಟ್ಟುಕೊಟ್ಟಿರುತ್ತದೆ. ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ಸ್ಟಾರ್ ರೇಟಿಂಗ್ ಕೊಡುವ ನಿಯಮ ತಂದಿತು. ಒಳ್ಳೆಯದೇ, ಆದರೆ ರೇಟಿಂಗ್ ಹೊಸ ಫ್ಲ್ಯಾಟ್ ಮಾರುವವರಿಗೆ ಉಪಯೋಗ, ಈಗಾಗಲೇ ಒಳಗಿರುವವರಿಗೆ ಅಲ್ಲ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2022ರಲ್ಲಿ ಕಟ್ಟಡದ ಮಾಲೀಕರು ಮತ್ತು ಇಂಟರ್‌ನೆಟ್ ಕಂಪನಿಗಳ ನಡುವಿನ, ಒಂದೇ ಕಂಪನಿಗೆ ಸೀಮಿತವಾದ ಆದಾಯ ಹಂಚಿಕೆ ಒಪ್ಪಂದಗಳನ್ನೇ ನಿಷೇಧಿಸಿತು. ಕುತ್ತಿಗೆ ಹಿಡಿಯಬೇಕಾದ ಜಾಗ ಅದು.

ತಂತಿಯ ರಗಳೆಯೇ ಬೇಡ ಎನ್ನುವವರ ಮುಂದೆ 2023ರಿಂದ ಏರ್‌ಫೈಬರ್ ಇದೆ. ತಾರಸಿಯಲ್ಲೊಂದು ಡಬ್ಬಿ, 5ಜಿ ಟವರಿನಿಂದ ಸಿಗ್ನಲ್. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಗಾಳಿಯ ಹಾದಿಯಲ್ಲೇ. ಮರ ಕಡಿದರೂ ರಸ್ತೆ ಅಗೆದರೂ ಇದಕ್ಕೆ ಅಷ್ಟು ಸುಲಭಕ್ಕೆ ಧಕ್ಕೆಯಿಲ್ಲ; ಆದರೆ ಟವರಿನ ಸುತ್ತ ಮೊಬೈಲ್ ಬಳಕೆ ಏರಿದಾಗ ವೇಗ ಇಳಿಯುತ್ತದೆ, ಅಪ್‌ಲೋಡ್ ಫೈಬರ್‌ನಷ್ಟು ಸಿಗದು. ದಿನವಿಡೀ ಮೀಟಿಂಗ್‌ನಲ್ಲಿ ಕೂರುವವರಿಗೆ ಇದು ತೊಡಕು, ಸಂಜೆ ಸಿನಿಮಾ ನೋಡುವವರಿಗೆ ಏನೂ ಅಲ್ಲ. ಮಲೆನಾಡಿನ ಒಂಟಿಮನೆಗಳಿಗೆ ಈ ಚರ್ಚೆಯೇ ಐಷಾರಾಮ. ಅಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಎಳೆದುಕೊಡುವ ಸ್ಥಳೀಯ ಪಾಲುದಾರ ಒಪ್ಪಿದರೆ ನೆಟ್, ಇಲ್ಲದಿದ್ದರೆ ಇಲ್ಲ.

ವಿದೇಶದ ಮಾದರಿ ಎಂದರೆ ಬ್ರಿಟನ್ನಿನ ಕಡೆ ನೋಡಬಹುದು. ಅಲ್ಲಿ ಒಪ್ಪಂದ ಸಾಮಾನ್ಯವಾಗಿ 18 ಅಥವಾ 24 ತಿಂಗಳದ್ದು. 2020ರ ಫೆಬ್ರುವರಿಯಿಂದ, ಅವಧಿ ಮುಗಿಯುವ 10ರಿಂದ 40 ದಿನ ಮೊದಲು ಕಂಪನಿಯೇ ಗ್ರಾಹಕರಿಗೆ ತಿಳಿಸಬೇಕು: ಈಗ ಎಷ್ಟು ಕಟ್ಟುತ್ತಿದ್ದೀರಿ, ಮುಗಿದ ಮೇಲೆ ಎಷ್ಟಾಗುತ್ತದೆ, ನಮ್ಮಲ್ಲೇ ಇರುವ ಅಗ್ಗದ ಪ್ಲಾನ್ ಯಾವುದು. 2024ರ ಸೆಪ್ಟೆಂಬರ್ 12ರಿಂದ ‘ಒನ್ ಟಚ್ ಸ್ವಿಚ್’ ಜಾರಿಯಲ್ಲಿದೆ. ಗ್ರಾಹಕರು ಹೊಸ ಕಂಪನಿಗೆ ಮಾತ್ರ ಹೇಳಿದರೆ ಸಾಕು, ಹಳೆಯದನ್ನು ಬಿಡಿಸುವ ಹೊಣೆ ಆ ಕಂಪನಿಯದು. ಬ್ರಿಟನ್‌ಗೆ ಕಂಪನಿ ಬದಲಿಸುವುದನ್ನು ಸುಲಭಗೊಳಿಸಿದ ಇನ್ನೊಂದು ಸಂಗತಿ ಓಪನ್‌ರೀಚ್ ಜಾಲ: ತಂತಿ ಒಬ್ಬರದು, ಅದರ ಮೇಲೆ ಅಂಗಡಿ ಹಲವರದು. ನಮ್ಮಲ್ಲಿ ಅಂಗಡಿಗೊಂದು ತಂತಿ.

ಆದರೂ ನೋಟಿಸ್ ಕೊಡಲು ತಂತಿ ಹಂಚಿಕೊಳ್ಳಬೇಕಾಗಿಲ್ಲ. ದಿನಕ್ಕೆರಡು ‘ರಿನ್ಯೂ ಮಾಡಿ’ ಮೆಸೇಜು ಕಳಿಸಬಲ್ಲ ಕಂಪನಿಗೆ ಅದೇ ಮೆಸೇಜಿನಲ್ಲಿ ಹೊಸ ಗ್ರಾಹಕರಿಗೆ ಕೊಡುವ ಬೆಲೆಯನ್ನೂ ನಮೂದಿಸಲು ಖರ್ಚೇನಿಲ್ಲ. ಪರಿಹಾರದ ವಿಷಯದಲ್ಲೂ ಹೀಗೇ. ದೋಷ ಮೂರು ಕೆಲಸದ ದಿನ ದಾಟಿದರೆ ಏಳು ದಿನದ ಬಾಡಿಗೆ ಕಡಿತ ಮಾಡಬೇಕೆಂದು ಟ್ರಾಯ್‌ನ 2006ರ ನಿಯಮವೇ ಹೇಳಿತ್ತು. ಅದು ತನ್ನಷ್ಟಕ್ಕೆ ಬಿಲ್ಲಿನಲ್ಲಿ ಕಂಡವರು ಅಪರೂಪ. ಬ್ರಿಟನ್ನಿನಲ್ಲಿ 2019ರ ಏಪ್ರಿಲ್‌ನಿಂದ ಪರಿಹಾರ ಯೋಜನೆಗೆ ಸೇರಿದ ಕಂಪನಿಗಳು ಕೇಳದೆಯೇ ಕೊಡುತ್ತವೆ. ನಮ್ಮಲ್ಲಿ ದೂರಿನ ಡಾಕೆಟ್ ಸಂಖ್ಯೆ ಬರೆದಿಟ್ಟುಕೊಂಡು, ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, 39 ದಿನ ಕಾಯಬೇಕು. ಬಿಡಿ ದೂರುಗಳನ್ನು ಟ್ರಾಯ್ ವಿಚಾರಿಸುವುದಿಲ್ಲ. ಗ್ರಾಹಕ ಆಯೋಗದ ಬಾಗಿಲು ತೆರೆದೇ ಇದೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿತು. ನಾಲ್ಕು ದಿನದ ನೆಟ್‌ಗಾಗಿ ಅಲ್ಲಿಗೆ ಅಲೆಯುವಷ್ಟು ಪುರುಸೊತ್ತು ಯಾರಿಗಿದೆ ಎಂಬುದು ಬೇರೆ ಮಾತು.

ಬಸವೇಶ್ವರನಗರದ ಆ ಮನೆಯಾಕೆ ಕೊನೆಗೆ ಪಾಂಪ್ಲೆಟ್ ಬಿಟ್ಟು ಮೊದಲ ಮಹಡಿಯವರನ್ನು ಕೇಳಿದರು. ಅವರದು ಬೇರೆ ಕಂಪನಿ, ತಂತಿ ಬರುವುದು ಹಿಂದಿನ ಬೀದಿಯಿಂದ. ಕಳೆದ ಮಳೆಗೆ ಹೋಗಿರಲಿಲ್ಲ. ವರ್ಷದ ಪ್ಲಾನಿಗೆ ಇನ್‌ಸ್ಟಲೇಷನ್ ಫ್ರೀ ಎಂದು ಸೇಲ್ಸ್ ಹುಡುಗ ಒತ್ತಾಯಿಸಿದರೂ, ಅದರ ಹಣ ತೆತ್ತೇ ಮೂರು ತಿಂಗಳಿಗೆ ಮಾತ್ರ ಕಟ್ಟಿದರು. ಹಳೆಯದು ಮುಗಿಯುವ ಎರಡು ದಿನ ಮೊದಲೇ ಹೊಸದನ್ನು ಹಾಕಿಸಿ, ಒಂದು ರಾತ್ರಿ ಒಂಬತ್ತಕ್ಕೆ ಎರಡನ್ನೂ ಹೋಲಿಸಿ ನೋಡಿದರು. ಹಳೆಯ ರೂಟರ್ ಕೊಂಡೊಯ್ಯಲು ಬಂದವನಿಂದ ವಾಟ್ಸ್ಆ್ಯಪಿನಲ್ಲಾದರೂ ಸರಿ ಎಂದು ರಸೀದಿ ಪಡೆದರು, ಇಲ್ಲದಿದ್ದರೆ ಆರು ತಿಂಗಳ ಮೇಲೆ ‘ಡಿವೈಸ್ ವಾಪಸ್ ಬಂದಿಲ್ಲ’ ಎಂಬ ಫೋನು ಬರಬಹುದೆಂದು. ಅವನು ರೂಟರ್ ಚೀಲಕ್ಕೆ ಹಾಕಿಕೊಂಡ, ಅಡಾಪ್ಟರ್ ಕೇಳಿ ಪಡೆದ. ‘ಮರದ ಮೇಲಿರೋ ತಂತಿ?’ ಎಂದದ್ದಕ್ಕೆ ‘ಅದು ನಮ್ಮ ಕೆಲಸ ಅಲ್ಲ ಮೇಡಂ’ ಎಂದು ಹೇಳಿ ಹೋದ. ಹೊಂಗೆಯ ಕೊಂಬೆಯಲ್ಲಿ ಆ ಸುರುಳಿ ಈಗಲೂ ಹಾಗೇ ಇದೆ.