ಸೈಲೆನ್ಸರ್‌ಗೆ ದುಡ್ಡಿದೆ, ಬ್ರೇಕ್ ಆಯಿಲ್‌ಗೆ ಇಲ್ಲ

ಹೊಸದಾಗಿ ಸ್ಪೋರ್ಟ್ಸ್ ಬೈಕ್ ಕೊಂಡವರು ಮೊದಲ ಟ್ರ್ಯಾಕ್ ಡೇಗೆ, ಅಂದರೆ ದುಡ್ಡು ಕಟ್ಟಿ ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ತಯಾರಾಗುವ ಪರಿ ನೋಡಿದರೆ ಸಿಟ್ಟು ಬರುತ್ತದೆ. ಆರ್15 ಇರಲಿ, ಅಪಾಚೆ ಆರ್‌ಆರ್ 310 ಇರಲಿ, ಆರ್‌ಸಿ 390 ಇರಲಿ, ಶೋರೂಮಿನಿಂದ ಹೊರಬಂದು ಎರಡು ತಿಂಗಳಾಗುವ ಮೊದಲೇ ಕಂಪನಿಯ ಸೈಲೆನ್ಸರ್ ಅಟ್ಟ ಸೇರಿರುತ್ತದೆ. ಅದರ ಜಾಗಕ್ಕೆ 15–20 ಸಾವಿರ ಸುರಿದು ತಂದ, ಬೀದಿಯನ್ನೆಲ್ಲ ಎಬ್ಬಿಸುವ ಇನ್ನೊಂದು ಬಂದಿರುತ್ತದೆ. ಜೊತೆಗೆ ಬಣ್ಣದ ಲಿವರ್‌ಗಳು, ಟ್ಯಾಂಕಿನ ಮೇಲೆ ಸ್ಟಿಕ್ಕರ್, ಚಕ್ರದ ಅಂಚಿಗೆ ಟೇಪು. ಇಷ್ಟೆಲ್ಲ ಆದ ಮೇಲೆ ಬ್ರೇಕ್ ಆಯಿಲ್ ಬದಲಿಸಿದಿರಾ ಎಂದು ಕೇಳಿ. "ಹೊಸ ಗಾಡಿ ಅಲ್ವಾ, ಎಲ್ಲ ಸರಿಯಾಗೇ ಇರುತ್ತೆ" ಎಂಬ ಉತ್ತರ ಬರುತ್ತದೆ. ಗ್ಲೌಸು? ಗೆಳೆಯನದು ಇಸ್ಕೊಂಡು ಬರುತ್ತೇನೆ. ಬೂಟು? ಜಿಮ್ ಶೂ ಇದೆಯಲ್ಲ. ಸೂಟು? ಅಷ್ಟು ಬಜೆಟ್ ಇಲ್ಲ.

ಬಜೆಟ್ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಟ್ರ್ಯಾಕ್ ಓಡಿಸಬಹುದು, ಓಡಿಸಬೇಕು. ಈ ಆಟ ಸಿರಿವಂತರ ಮನೆಯ ಮಕ್ಕಳಿಗೆ ಮಾತ್ರ ಮೀಸಲಾಗಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಅಲ್ಲದೆ ಗಾಡಿಯನ್ನು ಟ್ರ್ಯಾಕಿಗೆ ಅಣಿಗೊಳಿಸುವ ಕೆಲಸದಲ್ಲಿ ಬಹುಪಾಲು ಅಗ್ಗದ್ದೇ. ಒಂದು ಬಾಟಲಿ ಬ್ರೇಕ್ ಆಯಿಲ್, ಒಂದು ಗಾಳಿ ಒತ್ತಡದ ಗೇಜು, ನಾಲ್ಕು ಲೀಟರ್ ಡಿಸ್ಟಿಲ್ಡ್ ವಾಟರ್, ಎರಡು ಸುರುಳಿ ಟೇಪು, ಬೋಲ್ಟುಗಳಿಗೆ ಗುರುತು ಹಾಕಲು ಒಂದು ಪೇಂಟ್ ಪೆನ್ನು. ಇವೆಲ್ಲ ಸೇರಿದರೂ ಆ ಸೈಲೆನ್ಸರ್‌ನ ಬೆಲೆಯ ಕಾಲು ಭಾಗವಾಗದು. ಇವು ಫೋಟೊದಲ್ಲಿ ಕಾಣುವುದಿಲ್ಲ, ಸದ್ದು ಮಾಡುವುದಿಲ್ಲ. ಯಾರೂ ಮಾಡದಿರುವುದಕ್ಕೆ ಕಾರಣ ಅಷ್ಟೇ.

ಮೊದಲು "ಹೊಸ ಗಾಡಿ" ಎಂಬ ಭ್ರಮೆ ಬಿಡಬೇಕು. ಹೊಸತನವೇ ಒಂದು ತೊಂದರೆ. ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ಒಂದಷ್ಟು ದೂರ ನಿಧಾನವಾಗಿ ಓಡಿ ಉಜ್ಜಿಕೊಳ್ಳುವವರೆಗೆ ಅದು ನೆಲವನ್ನು ಪೂರ್ತಿ ಹಿಡಿಯುವುದಿಲ್ಲ. ಹೊಸ ಬ್ರೇಕ್ ಪ್ಯಾಡು ಡಿಸ್ಕಿಗೆ ಕೂರಬೇಕು. ಹೊಸ ಚೈನು ಮೊದಲ ದಿನಗಳಲ್ಲೇ ಸಡಿಲವಾಗುತ್ತದೆ. ಹೊಸ ಎಂಜಿನ್ನಿನ ಬಿಡಿಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಸವೆದ ಲೋಹದ ಪುಡಿ ಮೊದಲ ಆಯಿಲಿನಲ್ಲೇ ತೇಲುತ್ತಿರುತ್ತದೆ. ಅದಕ್ಕೇ ಮೊದಲ ಸರ್ವೀಸಿನಲ್ಲಿ ಆಯಿಲನ್ನೂ ಫಿಲ್ಟರನ್ನೂ ಬದಲಿಸುವುದು. ರನ್ನಿಂಗ್ ಇನ್ ಮುಗಿಯದ, ಮೊದಲ ಸರ್ವೀಸು ಕಾಣದ ಗಾಡಿಯನ್ನು ಟ್ರ್ಯಾಕಿಗೆ ತಂದು ಕೆಂಪು ಗೆರೆಯವರೆಗೆ ಎಳೆಯುವವರನ್ನು ಕಂಡಿದ್ದೇನೆ. ಲಕ್ಷಗಟ್ಟಲೆ ಸಾಲ ಮಾಡಿ ತಂದ ಯಂತ್ರವನ್ನು ಕೈಯಾರೆ ಹಾಳು ಮಾಡಿಕೊಳ್ಳುವ ಈ ಆತುರಕ್ಕೆ ಉತ್ಸಾಹ ಎಂದು ಹೆಸರಿಡಬೇಡಿ.

ಡೆಲಿವರಿಗೆ ಮುಂಚೆ ಶೋರೂಮಿನವರು ಎಲ್ಲ ಪರೀಕ್ಷಿಸಿರುತ್ತಾರೆ ಎನ್ನುವವರೂ ಇದ್ದಾರೆ. ಅವರು ಪರೀಕ್ಷಿಸಿರುವುದು ಆಫೀಸಿಗೆ ಹೋಗಿಬರುವ ಗಾಡಿಯನ್ನು. ಮುಂದಿನ ಆಕ್ಸಲ್, ಕ್ಯಾಲಿಪರ್ ಬೋಲ್ಟು, ಹ್ಯಾಂಡಲ್ ಕ್ಲ್ಯಾಂಪು, ಸ್ಪ್ರಾಕೆಟ್ ನಟ್ಟು ಇಷ್ಟನ್ನಾದರೂ ಕೈಪಿಡಿ ಹೇಳುವ ಲೆಕ್ಕಕ್ಕೆ ಟಾರ್ಕ್ ವ್ರೆಂಚ್ ಇಟ್ಟು ಬಿಗಿ ಮಾಡಿ, ತಲೆಯಿಂದ ಪಕ್ಕದ ಲೋಹಕ್ಕೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಪ್ರತಿ ಸೆಷನ್ ಮುಗಿದ ಮೇಲೆ ಗೆರೆ ಮುರಿದಿದೆಯೇ ಎಂದು ಕಣ್ಣಾಡಿಸಿದರೆ ಸಾಕು. ಟಾರ್ಕ್ ವ್ರೆಂಚ್ ಕೊಳ್ಳಲಾಗದಿದ್ದರೆ ಎರವಲು ತನ್ನಿ. ಎರವಲು ತರಬೇಕಾದದ್ದು ಅದನ್ನೇ ಹೊರತು ಗ್ಲೌಸನ್ನಲ್ಲ.

ಇನ್ನು ಬ್ರೇಕಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಉದಾಸೀನ ಹೆಚ್ಚಿರುವುದೂ ಪ್ರಾಣಕ್ಕೆ ನೇರವಾಗಿ ಬರುವುದೂ ಇಲ್ಲೇ. ಗಾಡಿ, ಸವಾರ ಸೇರಿ 250 ಕೆ.ಜಿ. ಎಂದಿಟ್ಟುಕೊಳ್ಳಿ. ನೇರ ದಾರಿಯ ಕೊನೆಯಲ್ಲಿ ಗಂಟೆಗೆ 150 ಕಿ.ಮೀ. ವೇಗದಿಂದ 75ಕ್ಕೆ ಇಳಿಸುತ್ತೀರಿ. ವೇಗ ಅರ್ಧವಾಯಿತು, ಆದರೆ ಚಲನಶಕ್ತಿಯ ಮುಕ್ಕಾಲು ಪಾಲು, ಅಂದರೆ ಸುಮಾರು 160 ಕಿಲೋಜೂಲ್, ಎಲ್ಲಿಗಾದರೂ ಹೋಗಲೇಬೇಕು. ಅರ್ಧ ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಅದು. ಒಂದಿಷ್ಟನ್ನು ಗಾಳಿ ಮತ್ತು ಎಂಜಿನ್ ಹೀರಿಕೊಂಡರೂ ಹೆಚ್ಚಿನ ಪಾಲು ಮುಂದಿನ ಡಿಸ್ಕು, ಪ್ಯಾಡುಗಳ ಮೇಲೆ ಬೀಳುತ್ತದೆ, ಅದೂ ನಾಲ್ಕೈದು ಸೆಕೆಂಡಿನಲ್ಲಿ. ಇದು ಪ್ರತಿ ಲ್ಯಾಪಿನಲ್ಲೂ ಮತ್ತೆ ಮತ್ತೆ, 15–20 ನಿಮಿಷ ಬಿಡುವಿಲ್ಲದೆ ನಡೆಯುತ್ತದೆ. ಊರಿನ ಸಿಗ್ನಲ್ಲಿನಲ್ಲಿ ಎಷ್ಟೇ ಜೋರಾಗಿ ಬ್ರೇಕ್ ಹಿಡಿದರೂ ಇಷ್ಟು ಬಿಸಿಯಾಗದು.

ಆ ಬಿಸಿ ಕೊನೆಗೆ ತಲುಪುವುದು ಬ್ರೇಕ್ ಆಯಿಲಿಗೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಶೇ. 3.7ರಷ್ಟು ನೀರು ಸೇರಿದಾಗ ಅದೇ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಗಾಡಿ ಕಾರ್ಖಾನೆಯಿಂದ ಗೋದಾಮಿಗೆ, ಗೋದಾಮಿನಿಂದ ಶೋರೂಮಿಗೆ ಬಂದು ನಿಂತು, ನಿಮ್ಮ ಮನೆಗೆ ಬಂದು ಒಂದು ಮಳೆಗಾಲ ಕಳೆದಿದ್ದರೆ ಒಳಗಿನ ಆಯಿಲ್ ಯಾವ ಸ್ಥಿತಿಯಲ್ಲಿದೆ ಎಂದು ನಿಮಗೆ ಗೊತ್ತೇ? ಅದು ಕುದ್ದರೆ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಲಿವರ್ ಹಿಡಿದರೆ ಅದು ಹ್ಯಾಂಡಲಿಗೆ ಬಂದು ತಾಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ತಿರುವು ಎದುರಿಗೇ ಇರುತ್ತದೆ.

ಇದನ್ನು ತಪ್ಪಿಸಲು ಬೇಕಾದದ್ದು ಕೆಲವು ನೂರು ರೂಪಾಯಿ ಮತ್ತು ಒಂದು ಗಂಟೆ. ಟ್ಯಾಂಕಿಗೆ ಬಟ್ಟೆ ಹೊದಿಸಿ, ಆಯಿಲ್ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ. ಕ್ಯಾಲಿಪರ್‌ನ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಬಿಡಿ. ಲಿವರ್ ಒತ್ತಿ ಹಿಡಿ, ನಿಪ್ಪಲ್ ಸಡಿಲಿಸು, ಮುಚ್ಚು, ಆಮೇಲೆ ಲಿವರ್ ಬಿಡು: ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಮೇಲಿನ ಡಬ್ಬಿ ಖಾಲಿಯಾಗದಂತೆ ಹೊಸ ಆಯಿಲ್ ಹಾಕುತ್ತಿರಬೇಕು. ಟ್ಯೂಬಿನಲ್ಲಿ ಮೊದಲು ಕಂದು ಬಣ್ಣದ್ದು ಬರುತ್ತದೆ, ಗುಳ್ಳೆ ಬರುತ್ತದೆ, ಆಮೇಲೆ ತಿಳಿ ಬಣ್ಣದ್ದು ಬರತೊಡಗುತ್ತದೆ. ಲಿವರ್ ಕೈಗೆ ಗಟ್ಟಿ ಸಿಗುವವರೆಗೆ ಬಿಡಬೇಡಿ. ಸೀಲ್ ಒಡೆಯದ ಡಾಟ್ 4 ಅಥವಾ 5.1 ಬಾಟಲಿಯನ್ನೇ ತನ್ನಿ. ಡಾಟ್ 5 ಸಿಲಿಕೋನ್ ಜಾತಿಯದು, ಅದನ್ನು ಇವುಗಳ ಜೊತೆ ಬೆರೆಸುವಂತಿಲ್ಲ. ಕಳೆದ ವರ್ಷ ತೆರೆದಿಟ್ಟ ಬಾಟಲಿ ಇದೆ ಎನ್ನಬೇಡಿ. ನಿಮಗೆ ಕೈ ಬರದಿದ್ದರೆ ಮೆಕ್ಯಾನಿಕ್ ಹತ್ತಿರ ಮಾಡಿಸಿ, ಪಕ್ಕದಲ್ಲೇ ನಿಂತು ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲಂಕಾರದ ಸಾಮಾನು ಹುಡುಕುತ್ತ ಅರ್ಧ ದಿನ ಕಳೆಯುವವರಿಗೆ ಈ ಒಂದು ಗಂಟೆ ಯಾಕೆ ಸಿಗುವುದಿಲ್ಲ?

ಬ್ರೇಕು ಕೆಟ್ಟರೆ ಬೀಳುವುದು ಹೆಚ್ಚಾಗಿ ನೀವೇ. ಎಂಜಿನ್ ಆಯಿಲ್, ಕೂಲೆಂಟ್ ಸೋರಿದರೆ ಬೀಳುವುದು ಇನ್ನೊಬ್ಬ. ನನಗೆ ತೀರ ಸಹಿಸಲಾಗದ ಉದಾಸೀನ ಇದು. ಟ್ರ್ಯಾಕಿನ ನೆಲ ಎಲ್ಲರದು. ಡ್ರೈನ್ ಬೋಲ್ಟಿನ ಸವೆದ ವಾಷರನ್ನು ಬದಲಿಸದೆ ಹಾಗೇ ತಿರುಗಿಸಿ ಬಂದವನ ಎಂಜಿನ್ನಿನಿಂದ ಹನಿಯುವ ಎಣ್ಣೆಯ ಮೇಲೆ, ಪೂರ್ತಿ ವಾಲಿಸಿಕೊಂಡು ಬರುವ ಇನ್ನೊಬ್ಬನ ಮುಂದಿನ ಚಕ್ರ ಹಾಯುತ್ತದೆ. ಅವನು ತನ್ನ ಗಾಡಿಯ ಪ್ರತಿ ಬೋಲ್ಟು ನೋಡಿಕೊಂಡು ಬಂದಿರಬಹುದು, ಅದರಿಂದ ಅವನಿಗೆ ಏನೂ ಉಪಯೋಗವಿಲ್ಲ. ರೇಸಿನಲ್ಲಿ ಡ್ರೈನ್ ಬೋಲ್ಟಿನ ತಲೆಗೆ ತೂತು ಕೊರೆದು, ಬಿಗಿಯಾಗುವ ದಿಕ್ಕಿಗೆ ಎಳೆಯುವಂತೆ ತಂತಿ ಸುತ್ತಿ ಕಟ್ಟುವುದು ಈ ಕಾರಣಕ್ಕೆ. ಟ್ರ್ಯಾಕ್ ಡೇಯಲ್ಲಿ ಅಷ್ಟು ಬಿಗಿಯಾಗಿ ತಪಾಸಣೆ ಮಾಡುವುದಿಲ್ಲ ಎಂದು ನಿರಾಳವಾಗುವವರು ಒಂದು ಮಾತು ತಿಳಿಯಲಿ: ತಪಾಸಣೆ ಮಾಡುವವನು ನಿಮ್ಮ ಆತ್ಮಸಾಕ್ಷಿಯ ಕೆಲಸ ಮಾಡಲಾರ.

ಕೂಲೆಂಟಿನ ಕತೆಯೂ ಇದೇ. ಅದರಲ್ಲಿರುವ ಗ್ಲೈಕಾಲ್ ಜಾರುವ ವಸ್ತು, ನೆಲದಿಂದ ಸುಲಭಕ್ಕೆ ಹೋಗದು, ಬೇಗ ಆರದು. ಒಬ್ಬ ಬಿದ್ದು ರೇಡಿಯೇಟರ್ ಒಡೆದರೆ ಎಲ್ಲರ ಸೆಷನ್ ನಿಲ್ಲುತ್ತದೆ. ಆದ್ದರಿಂದ ಅದನ್ನು ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಿಸಿ ಬರಬೇಕು, ಊರಿಗೆ ಮರಳಿದ ಮೇಲೆ ಮರೆಯದೆ ಮತ್ತೆ ಕೂಲೆಂಟ್ ಹಾಕಬೇಕು. ಇಲ್ಲದಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ.

ಟೈರಿಗೆ ಬಂದರೆ, ಮೊದಲ ವರ್ಷ ರೇಸ್ ಟೈರು ಬೇಡವೇ ಬೇಡ. ಆರ್‌ಆರ್ 310 ಜೊತೆ ಬರುವಂಥ ಒಳ್ಳೆಯ ರೇಡಿಯಲ್ ಟೈರುಗಳ ಮಿತಿಯನ್ನು ಮುಟ್ಟಲು ಹೊಸಬರಿಗೆ ಬಹಳ ಕಾಲ ಬೇಕು. ಬೇಕಾದದ್ದು ಗೇಜು. ಟೈರು ಬಿಸಿಯಾದಂತೆ ಒಳಗಿನ ಒತ್ತಡ ಏರುತ್ತದೆ, ಆದ್ದರಿಂದ ಸೆಷನ್ ಮುಗಿಸಿ ಬಂದ ಕೂಡಲೇ ಅಳೆದು ಬರೆದಿಟ್ಟುಕೊಳ್ಳಬೇಕು. ಪೆಟ್ರೋಲ್ ಬಂಕಿನಲ್ಲಿ ಹಾಕಿಸಿದ ಗಾಳಿಯಲ್ಲೇ ಇಡೀ ದಿನ ಓಡಿಸಿ, ಹಿಂದಿನ ಚಕ್ರ ಜಾರಿದಾಗ ಟೈರು ಸರಿಯಿಲ್ಲ ಎಂದು ದೂರುವುದು ಸೋಮಾರಿತನ.

ಕನ್ನಡಿ, ನಂಬರ್ ಪ್ಲೇಟು, ಸೀರೆ ಗಾರ್ಡು ಬಿಚ್ಚುವುದು, ಹೆಡ್‌ಲೈಟು, ಇಂಡಿಕೇಟರುಗಳಿಗೆ ಟೇಪು ಸುತ್ತುವುದು ಹಿಂದಿನ ರಾತ್ರಿಯ ಕೆಲಸ. ರೈಡರ್ಸ್ ಬ್ರೀಫಿಂಗ್ ನಡೆಯುತ್ತಿರುವಾಗ ಪಿಟ್‌ನಲ್ಲಿ ಕೂತು ಸ್ಪ್ಯಾನರ್ ಹುಡುಕುವವನಿಗೆ ಯಾವ ಬಾವುಟಕ್ಕೆ ಏನರ್ಥ ಎಂಬುದೂ ಗೊತ್ತಾಗಿರುವುದಿಲ್ಲ. ಅವನು ಬೇರೆಯವರ ಜೊತೆ ಟ್ರ್ಯಾಕಿಗೆ ಇಳಿಯಬಾರದು.

ಮೈಮೇಲಿನದು ಗಾಡಿಗಿಂತ ಮುಂಚೆ. ಹೊಲಿಗೆ ಗಟ್ಟಿಯಿರುವ ಚರ್ಮದ ಸೂಟು, ಮಣಿಕಟ್ಟು ಮುಚ್ಚುವ ಗ್ಲೌಸು, ಕಣಕಾಲು ಮುಚ್ಚುವ ಬೂಟು, ಬೆನ್ನಿನ ರಕ್ಷಾಕವಚ, ಸರಿಯಾದ ಅಳತೆಯ ಪೂರ್ಣ ಮುಖದ ಹೆಲ್ಮೆಟ್. ಸೂಟು ದುಬಾರಿ, ಒಪ್ಪುತ್ತೇನೆ. ಬಾಡಿಗೆಗೆ ಸಿಗುವ ಕಡೆ ಬಾಡಿಗೆಗೆ ತನ್ನಿ, ಇಲ್ಲವೇ ಬಿದ್ದ ಗುರುತಿಲ್ಲದ ಹಳೆಯದನ್ನು ಕೊಳ್ಳಿ. ಹೆಲ್ಮೆಟ್ ಮಾತ್ರ ಹಳೆಯದು ಬೇಡ. ಅದು ಒಮ್ಮೆ ಪೆಟ್ಟು ತಿಂದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಸೂಟಿಗೆ ಹಣ ಕೂಡುವವರೆಗೆ ಆರು ತಿಂಗಳು ಕಾಯಬೇಕಾದರೆ ಕಾಯಿರಿ. ಟ್ರ್ಯಾಕ್ ಎಲ್ಲಿಗೂ ಓಡಿಹೋಗುವುದಿಲ್ಲ.

ಬೆಂಗಳೂರಿನವರ ಇನ್ನೊಂದು ಚಾಳಿ ಇದೆ. ಶ್ರೀಪೆರಂಬುದೂರಿನ ಹತ್ತಿರದ ಚೆನ್ನೈ ಟ್ರ್ಯಾಕಿಗೆ ಸುಮಾರು 300 ಕಿ.ಮೀ. ದಾರಿ. ನಡುರಾತ್ರಿ ಹೊರಟು, ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಬೆಳಿಗ್ಗೆ ತಲುಪಿ, ಆ ಊರಿನ ಬಿಸಿಲಿನಲ್ಲಿ ಇಡೀ ದಿನ ಓಡಿಸಿ, ಅದೇ ಗಾಡಿಯಲ್ಲಿ ಅದೇ ರಾತ್ರಿ ಮರಳುವುದು. ಸವೆದ ಪ್ಯಾಡು, ಸವೆದ ಟೈರು, ನಿದ್ದೆಗೆಟ್ಟ ಕಣ್ಣು, ಹೆದ್ದಾರಿಯ ಲಾರಿಗಳು. ನಾಲ್ವರು ಸೇರಿ ಒಂದು ಪಿಕಪ್ ವಾಹನ ಮಾಡಿಕೊಂಡರೆ ತಲೆಗೆ ಬೀಳುವ ಖರ್ಚು ದೊಡ್ಡದಲ್ಲ. ಅಲ್ಲಿ ಬಿದ್ದು ಗಾಡಿ ಓಡಿಸಲಾಗದ ಸ್ಥಿತಿಗೆ ಬಂದರೂ ಊರಿಗೆ ತರುವ ದಾರಿ ಇರುತ್ತದೆ. ಇನ್ನು ವಿಮೆ: ನಮ್ಮ ಮೋಟಾರು ವಿಮಾ ಪಾಲಿಸಿಗಳು ಸಂಘಟಿತ ರೇಸು, ವೇಗ ಪರೀಕ್ಷೆಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿವೆ. ಟ್ರ್ಯಾಕಿನಲ್ಲಿ ಒಡೆದದ್ದಕ್ಕೆ ನಿಮ್ಮ ಜೇಬೇ ಹೊಣೆ. ಅದನ್ನು ರಸ್ತೆ ಅಪಘಾತ ಎಂದು ಬರೆದು ಕ್ಲೇಮು ಹಾಕಿದ್ದನ್ನು ಜಾಣತನವೆಂದು ಹೇಳಿಕೊಳ್ಳುವವರು ಮಾಡಿರುವುದು ವಂಚನೆ.

ಟ್ರ್ಯಾಕ್ ಸುರಕ್ಷಿತ, ಅಲ್ಲಿ ಏನೂ ಆಗುವುದಿಲ್ಲ ಎಂಬ ಮಾತೂ ಕೇಳಿಬರುತ್ತದೆ. ನಂದಿ ಬೆಟ್ಟದ ರಸ್ತೆಗಿಂತ ಸುರಕ್ಷಿತ ಎಂಬುದು ನಿಜ: ಎದುರಿನಿಂದ ಬಸ್ಸು ಬರುವುದಿಲ್ಲ, ನಾಯಿ ಅಡ್ಡ ಬರುವುದಿಲ್ಲ, ಬಿದ್ದರೆ ಆಂಬುಲೆನ್ಸ್ ಇರುತ್ತದೆ. ಆದರೂ 2023ರ ಜನವರಿಯಲ್ಲಿ ಚೆನ್ನೈ ಟ್ರ್ಯಾಕಿನಲ್ಲಿ ಹಿರಿಯ ಕಾರ್ ರೇಸರ್ ಕೆ.ಇ. ಕುಮಾರ್ ತೀರಿಕೊಂಡರು. ಅದೇ ವರ್ಷ ಆಗಸ್ಟ್ 5ರಂದು ಅದೇ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಬೈಕ್ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಬಿದ್ದು ಜೀವ ಕಳೆದುಕೊಂಡ. ಅವರು ಪಳಗಿದವರು, ಸಿದ್ಧರಾಗಿ ಬಂದವರು. ಅವರಿಗೇ ಹೀಗಾದ ಜಾಗಕ್ಕೆ ಜಿಮ್ ಶೂ ಹಾಕಿಕೊಂಡು ಬರುವ ಧೈರ್ಯ ನಿಮಗೆ ಎಲ್ಲಿಂದ ಬಂತು?

ಇಷ್ಟಾದ ಮೇಲೂ ಕೈಯಲ್ಲಿ ಹಣ ಉಳಿದರೆ ಕಲಿಕೆಗೆ ಹಾಕಿ. ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಚೆನ್ನೈಗೂ ಬಂದು ತರಗತಿ ನಡೆಸಿದೆ. ಅದಕ್ಕಿಂತ ಕಡಿಮೆ ಶುಲ್ಕದ ದೇಶಿ ತರಬೇತಿಗಳೂ ಇವೆ. ಆ ಶಾಲೆ ಕಟ್ಟಿದ ಕೀತ್ ಕೋಡ್ ದಶಕಗಳಿಂದ ಹೇಳುತ್ತ ಬಂದಿರುವುದು ಇದನ್ನೇ: ಸವಾರನ ಗಮನ ಹತ್ತು ಡಾಲರಿನ ನೋಟಿದ್ದಂತೆ, ಒಂದರ ಮೇಲೆ ಹೆಚ್ಚು ಖರ್ಚು ಮಾಡಿದರೆ ಉಳಿದದ್ದಕ್ಕೆ ಸಾಲದು. ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂಬ ಅನುಮಾನ ಇಟ್ಟುಕೊಂಡು ತಿರುವಿಗೆ ಬರುವವನು, ತಿರುವಿನ ಮೇಲೆ ಇಡಲು ಗಮನವನ್ನೇ ಉಳಿಸಿಕೊಂಡಿರುವುದಿಲ್ಲ.

ಸೈಲೆನ್ಸರ್ ಆರ್ಡರ್ ಮಾಡಿದ್ದರೆ ಇವತ್ತೇ ರದ್ದು ಮಾಡಿ. ಗಾಡಿಯ ಜೊತೆ ಬಂದ, ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇರುವ ಕೈಪಿಡಿಯನ್ನು ಹೊರತೆಗೆದು ಓದಿ. ಮುಂದಿನ ಭಾನುವಾರ ಬ್ರೇಕ್ ಆಯಿಲ್ ಬದಲಿಸಿ. ಇಷ್ಟಕ್ಕೂ ಮನಸ್ಸಿಲ್ಲದವರು ಟ್ರ್ಯಾಕ್ ಡೇಗೆ ದುಡ್ಡು ಕಟ್ಟಬೇಡಿ, ಅಲ್ಲಿಗೆ ಬರಲೂ ಬೇಡಿ.